ಕಪಾಟಿಗೆ ಸಿಂಗಾರ, ಹಿಡಿಗೆ ಬಡತನ

ಮೊನ್ನೆ ಬೆಳಿಗ್ಗೆ ನಮ್ಮನೆ ಅಡುಗೆಮನೆ ಕಪಾಟಿನ ಹಿಡಿ ಅಮ್ಮನ ಕೈಗೆ ಬಂತು. ಬಾಗಿಲು ಬರಲಿಲ್ಲ, ಹಿಡಿ ಮಾತ್ರ ಬಂತು. ಹಾಕಿಸಿ ಎರಡು ವರ್ಷ ಆಗಿಲ್ಲ, ಒಳಗಿನ ಥ್ರೆಡ್ಡು ಸವೆದು ಹೋಗಿತ್ತು. ಕೊಂಡ ಅಂಗಡಿಗೇ ಒಯ್ದು ತೋರಿಸಿದೆ. "ಆ ಡಿಸೈನ್ ಈಗ ಬರಲ್ಲ ಸಾರ್, ಎಂಟೂ ಬದಲಾಯಿಸಿಬಿಡಿ" ಅಂದರು. ಒಂದು ಹಲ್ಲು ನೋವು ಅಂದರೆ ಮೂವತ್ತೆರಡೂ ಕೀಳಿಸಿ ಅನ್ನೋ ವೈದ್ಯ!

ಇದೂ ಒಂದು ಸುದ್ದಿಯೇ ಅಂತ ಕೇಳಬೇಡಿ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮೇಲೆ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡಿ. ದಾರಿಯುದ್ದಕ್ಕೂ ಹೊಸ ಮನೆಗಳು. ಕೊಬ್ಬರಿ ಮಾರಿದ ದುಡ್ಡು, ಬೆಂಗಳೂರಿನಿಂದ ಮಗ ಕಳಿಸಿದ ದುಡ್ಡು, ಬ್ಯಾಂಕಿನ ಸಾಲ, ಎಲ್ಲ ಅಲ್ಲೇ ಸುರಿದಿದೆ. ಕಪಾಟಿನ ಕೆಲಸಕ್ಕೆ ಬರುವ ಹೊತ್ತಿಗೆ ಜೇಬು ಖಾಲಿ. ಆದರೂ ಸನ್ಮೈಕಾ ಮಾತ್ರ ಹೊಳೀಬೇಕು, ಅದು ನೆಂಟರ ಕಣ್ಣಿಗೆ ಬೀಳುತ್ತಲ್ಲ! ಹಿಂಜು, ಹಿಡಿ, ಸ್ಕ್ರೂ? "ಯಾವುದೋ ಒಂದು ಹಾಕ್ರಿ ಆಚಾರ್ರೇ." ದಿನಕ್ಕೆ ಇಪ್ಪತ್ತು ಸಲ ಕೈ ಮುಟ್ಟೋದು ಆ "ಯಾವುದೋ ಒಂದನ್ನೇ" ಅನ್ನೋದು ಮರೆತೇ ಹೋಗುತ್ತೆ.

ನಮ್ಮ ಜಿಲ್ಲೆಯ ಹವೆಯೂ ಒಂದೇ ಥರ ಇಲ್ಲ. ಅರಸೀಕೆರೆ ಕಡೆ ಬಯಲುಸೀಮೆ ಬಿಸಿಲು. ಸರಿಯಾಗಿ ಒಣಗದ ಮರ ಅಲ್ಲಿ ಕುಗ್ಗಿ ಸ್ಕ್ರೂ ಸಡಿಲವಾಗುತ್ತೆ. ಬೇಲೂರು ಮಲೆನಾಡಿನ ಸೆರಗು. ಆಷಾಢದ ಜಡಿಮಳೆಯಲ್ಲಿ ಅಗ್ಗದ ಪಾರ್ಟಿಕಲ್ ಬೋರ್ಡ್ ತೇವ ಕುಡಿದು ಊದುತ್ತೆ, ಕಬ್ಬಿಣದ ಸ್ಕ್ರೂ ತುಕ್ಕು ಹಿಡಿಯುತ್ತೆ. ಊದಿದ ಬೋರ್ಡು ಮತ್ತೆ ಸ್ಕ್ರೂ ಕಚ್ಚುವುದಿಲ್ಲ. ಅಲ್ಲಿಯವರು ಎರಡು ಕಾಸು ಹೆಚ್ಚಾದರೂ ಸ್ಟೇನ್‌ಲೆಸ್ ಸ್ಟೀಲೇ ಕೇಳಬೇಕು. ಹಿತ್ತಾಳೆ ಅಂತ ಕೊಟ್ಟ ಹಿಡಿಗೆ ಅಯಸ್ಕಾಂತ ಅಂಟಿದರೆ ಒಳಗಿರೋದು ಕಬ್ಬಿಣ, ತಿಳಿದಿರಲಿ.

ಹಿಡಿಯನ್ನು ಕಣ್ಣಲ್ಲಿ ಆರಿಸಬೇಡಿ, ಕೈಯಲ್ಲಿ ಆರಿಸಿ. ಅಮ್ಮನ ಬೆರಳು ಗಂಟು ಕಟ್ಟಿವೆ. ಗುಂಡು ನಾಬನ್ನು ಚಿವುಟಿ ಎಳೆಯೋದು ಅವರಿಂದ ಆಗಲ್ಲ. ನಾಲ್ಕು ಬೆರಳು ತೂರುವ ಉದ್ದನೆ ಹಿಡಿಯೇ ಬೇಕು. ಮನೇಲಿ ವಯಸ್ಸಾದವರಿದ್ದರೆ ಅವರನ್ನೂ ಅಂಗಡಿಗೆ ಕರೆದೊಯ್ಯಿರಿ. ಹಳೆಯದನ್ನು ಬದಲಾಯಿಸೋದಾದರೆ ಎರಡು ತೂತಿನ ನಡುವಿನ ಅಳತೆ ಚೀಟೀಲಿ ಬರೆದುಕೊಂಡು ಹೋಗಿ. 96 ಮಿಲಿಮೀಟರ್ ಜಾಗಕ್ಕೆ 128ರದ್ದು ತಂದರೆ ಹಳೇ ತೂತು ಬಾಯಿ ಬಿಟ್ಟುಕೊಂಡು ನಗುತ್ತೆ. ಆರಡಿ ಎತ್ತರದ ಬಾಗಿಲಿಗೆ ಎರಡೇ ಹಿಂಜು ಹಾಕಿದರೆ ಅದು ಜೋತು ಬೀಳದೆ ಇನ್ನೇನಾದೀತು? ನಾಲ್ಕಾದರೂ ಬೇಕು.

ಹಾಗಂತ ತಪ್ಪೆಲ್ಲ ಬಡಗಿಯದೇ? ಹಳೇಬೀಡಿನ ಆಚಾರ್ರೊಬ್ಬರನ್ನು ಕೇಳಿದೆ. "ಅಡಿ ಲೆಕ್ಕದಲ್ಲಿ ಕೂಲಿ ಕೊಡ್ತೀರಿ. ಒಂದೊಂದು ಹಿಡಿಗೂ ಅಳತೆ ಹಿಡಿದು ಕೂತರೆ ನನ್ನ ದಿನ ಹೋಗುತ್ತೆ. ಅದರ ಕೂಲಿ ಯಾರು ಕೊಡ್ತಾರೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಪ್ಲೈವುಡ್ ಚೂರಿಗೆ ಎರಡು ತೂತು ಕೊರೆದು ಅದನ್ನೇ ಅಚ್ಚು ಮಾಡಿಕೊಂಡರೆ ಎಂಟೂ ಬಾಗಿಲಿಗೆ ಹಿಡಿ ಒಂದೇ ಸಾಲಿಗೆ ಕೂರುತ್ತೆ. ಆ ಅಚ್ಚಿಗೂ ಹೊತ್ತು ಬೇಕು, ಹೊತ್ತಿಗೂ ಬೆಲೆ ಇದೆ. ಹಿಡಿ, ಹಿಂಜು ಕೂರಿಸುವ ಕೂಲಿಯನ್ನು ಬೇರೆಯಾಗೇ ಮಾತಾಡಿ ಕೊಡಿ. ಆಮೇಲೆ ಕೆಲಸ ಸೊಟ್ಟಗಾದರೆ ಧೈರ್ಯವಾಗಿ ಕೇಳಿ.

ಅಂಗಡಿಯವರಿಗೂ ಎರಡು ಮಾತು. ಪ್ಲಾಸ್ಟಿಕ್ ಪೊಟ್ಟಣ ಸೀಲು ಮಾಡಿ ಕೊಟ್ಟರೆ ಗಿರಾಕಿ ಏನನ್ನು ನೋಡಿಯಾನು? ಒಂದು ಹಲಗೆಗೆ ನಾಲ್ಕು ಥರದ ಹಿಡಿ, ಹಿಂಜು ಕೂರಿಸಿಡಿ, ಜನ ಎಳೆದು ನೋಡಲಿ. ಎಂಟು ಬೇಕಾದವರಿಗೆ ಒಂಬತ್ತು ತಗೊಳ್ಳಿ, ಒಂದು ಮುಂದಕ್ಕಿರಲಿ ಅಂತ ನೀವೇ ಹೇಳಿ. ಅದು ವ್ಯಾಪಾರವೂ ಹೌದು, ಉಪಕಾರವೂ ಹೌದು. ಬಿಲ್ಲು ಮಾತ್ರ ಕೇಳದೇ ಕೊಡಿ.

ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದಾಗ ನಾವೆಲ್ಲ ಎದೆಯುಬ್ಬಿಸಿದೆವು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪದ ಕೆಳಗೆ ಹೆಸರು ಕೊರೆದು ಹೋಗಿದ್ದಾರೆ. ಈ ಕೆಲಸ ನನ್ನದು ಅನ್ನೋ ಧೈರ್ಯ ಅದು. ಅದೇ ಊರುಗಳಲ್ಲಿ ಇವತ್ತು ಒಂದು ಹಿಡಿ ಕಿತ್ತು ಬಂದರೆ ಅಂಗಡಿ ಬಡಗಿಯನ್ನು ತೋರಿಸುತ್ತೆ, ಬಡಗಿ ಅಂಗಡಿಯನ್ನು ತೋರಿಸ್ತಾನೆ. ಮನೆಯವರು ಹೊಸದನ್ನು ಕೊಳ್ತಾರೆ.

ನಮ್ಮಮ್ಮ ಸದ್ಯಕ್ಕೆ ಆ ಬಾಗಿಲಿಗೆ ಸೀರೆ ಅಂಚಿನ ಚೂರು ಕಟ್ಟಿದ್ದಾರೆ. ಅದು ಇನ್ನೂ ಕಿತ್ತು ಬಂದಿಲ್ಲ.