ಹಳೆಯ ಹಾಯಿದೋಣಿಗೂ ಐಷಾರಾಮದ ತೆರಿಗೆ

ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಸರಕು ತುಂಬಿಕೊಂಡ ಲಾರಿ ಗುಂಡ್ಲುಪೇಟೆಯನ್ನು ದಾಟಿ, ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುವ ಮೊದಲೇ ಗಡಿ ಸೇರಿ, ವಯನಾಡಿನ ಘಟ್ಟವಿಳಿದು ಕಲ್ಲಿಕೋಟೆಯನ್ನು ಮುಟ್ಟುತ್ತದೆ. ಗುಂಡ್ಲುಪೇಟೆಯಿಂದ ಅಲ್ಲಿಗೆ ಸುಮಾರು 150 ಕಿಲೋಮೀಟರ್. ಕೆರೆ ತುಂಬಿದರೆ ಅದೇ ದೊಡ್ಡ ಸುದ್ದಿಯಾಗುವ ಈ ಬಯಲುಸೀಮೆಯ ಊರಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಇರುವುದು ಒಂದೇ ಹಗಲಿನ ಹಾದಿ.

ಆ ಲಾರಿಗಳಲ್ಲಿ ಎಷ್ಟೋ ಎರಡನೆಯ ಅಥವಾ ಮೂರನೆಯ ಮಾಲೀಕನ ಕೈಯಲ್ಲಿರುವಂಥವು. ಹಳೆಯ ಲಾರಿ ಕೊಳ್ಳುವವನು ಮೆಕ್ಯಾನಿಕ್‌ನನ್ನು ಜತೆಗೆ ಕರೆದೊಯ್ಯುತ್ತಾನೆ, ಎಂಜಿನ್‌ನ ಸದ್ದು ಆಲಿಸುತ್ತಾನೆ, ಚಾಸಿಯ ಬೆಸುಗೆ ತಡಕುತ್ತಾನೆ, ಆರ್‌ಸಿ ಪುಸ್ತಕ ಓದುತ್ತಾನೆ. ಸಾಲ ಕೊಡುವವರಿದ್ದಾರೆ, ವಿಮೆ ಮಾಡುವವರಿದ್ದಾರೆ, ಹೆಸರು ಬದಲಿಸಿಕೊಡಲು ಸಾರಿಗೆ ಕಚೇರಿಯಿದೆ. ಈಗ ಇದೇ ಊರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬನಿಗೆ ಒಂದು ಹಳೆಯ ಹಾಯಿದೋಣಿ ಕೊಂಡು ಕಾರವಾರದಿಂದ ಕೊಚ್ಚಿಯವರೆಗೆ ಒಬ್ಬನೇ ಸಾಗಬೇಕೆಂಬ ಹಂಬಲ ಹುಟ್ಟಿತೆಂದು ಇಟ್ಟುಕೊಳ್ಳೋಣ. ಲಾರಿಗೆ ಸಿಗುವ ಈ ಅನುಕೂಲಗಳಲ್ಲಿ ಆತನಿಗೆ ಸರಾಗವಾಗಿ ಒದಗುವುದು ಬಹುಶಃ ಒಂದೂ ಇಲ್ಲ.

ಇದು ಹಣ ಹೆಚ್ಚಾದವರ ಹುಚ್ಚು ಎಂದು ತಳ್ಳಿಹಾಕುವ ಮುನ್ನ ಕೊಂಚ ಯೋಚಿಸಬೇಕು. 1960ರ ದಶಕದಿಂದೀಚೆಗೆ ಫೈಬರ್‌ಗ್ಲಾಸ್ ದೋಣಿಗಳು ಕಾರ್ಖಾನೆಗಳಲ್ಲಿ ಸಾಲುಸಾಲಾಗಿ ತಯಾರಾದವು. ಅವುಗಳ ಒಡಲು ಮರದಂತೆ ಕೊಳೆಯುವುದಿಲ್ಲ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಹೀಗಾಗಿ ಐವತ್ತು ವರ್ಷ ಹಳೆಯದಾದ ಮೂವತ್ತು ಅಡಿಯ ದೋಣಿ ಬ್ರಿಟನ್ ಅಥವಾ ಫ್ರಾನ್ಸಿನಲ್ಲಿ ಬಳಸಿದ ಕಾರಿನ ಬೆಲೆಗೆ ದೊರೆಯುವುದುಂಟು. ಶಾಲಾ ಶಿಕ್ಷಕರು, ಬಡಗಿಗಳು, ನಿವೃತ್ತ ಗುಮಾಸ್ತರು ಅಂಥದ್ದನ್ನು ಕೊಂಡು, ಎರಡು ಬೇಸಿಗೆ ಅದನ್ನು ಉಜ್ಜಿ ತಿಕ್ಕಿ, ಸಮುದ್ರಕ್ಕೆ ಇಳಿಯುತ್ತಾರೆ. ಅಲ್ಲಿ ಹಳೆಯ ಹಾಯಿದೋಣಿ ಮಧ್ಯಮ ವರ್ಗದವರ ವಾಹನ. ಐಷಾರಾಮಿ ನೌಕೆಯ ಜಗತ್ತೇ ಬೇರೆ.

ಈ ಪರಂಪರೆಯ ಮೂಲದಲ್ಲಿ ನಮ್ಮವರ ಕೈಕೆಲಸವೇ ಇದೆ. ಎಲ್ಲಿಯೂ ನಿಲ್ಲದೆ ಒಬ್ಬನೇ ಭೂಮಿಯನ್ನು ಸುತ್ತಿದ ಮೊದಲಿಗ, ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್‌ಸ್ಟನ್, ಪಯಣಿಸಿದ್ದು ಮುಂಬಯಿಯಲ್ಲಿ ಭಾರತೀಯ ಬಡಗಿಗಳು ತೇಗದ ಮರದಿಂದ ಕಟ್ಟಿದ ‘ಸುಹೈಲಿ’ ಎಂಬ 32 ಅಡಿಯ ದೋಣಿಯಲ್ಲಿ. ಅದನ್ನು ಮಾರಿ ಉಕ್ಕಿನ ಹೊಸ ದೋಣಿ ಕಟ್ಟಿಸಬೇಕೆಂಬ ಆತನ ಆಸೆಗೆ ಹಣ ಒದಗಲಿಲ್ಲ. ಇದ್ದದ್ದರಲ್ಲೇ 1968ರ ಜೂನ್‌ನಲ್ಲಿ ಹೊರಟು 312 ದಿನಗಳ ಬಳಿಕ ಮರಳಿದ. ಆ ಸ್ಪರ್ಧೆಗೆ ಇಳಿದ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದ್ದು ಆತನೊಬ್ಬನೇ. ಅದರ ನೆನಪಿಗೆ 2018ರಲ್ಲಿ ಮರಳಿ ಆರಂಭವಾದ ಗೋಲ್ಡನ್ ಗ್ಲೋಬ್ ಸ್ಪರ್ಧೆಯ ನಿಯಮದಂತೆ ದೋಣಿಯ ವಿನ್ಯಾಸ 1988ಕ್ಕಿಂತ ಹಿಂದಿನದಾಗಿರಬೇಕು, ಉದ್ದ 32ರಿಂದ 36 ಅಡಿ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ 2018ರಲ್ಲಿ ಗೋವಾದಲ್ಲಿ ಕಟ್ಟಿದ ‘ಸುಹೈಲಿ’ಯ ಪ್ರತಿರೂಪದಲ್ಲಿ ಹೊರಟು ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆ ಮುರಿದುಕೊಂಡರು, ನಿವೃತ್ತಿಯ ನಂತರ ‘ಬಯಾನತ್’ ಎಂಬ 36 ಅಡಿಯ ರಸ್ಲರ್ ದೋಣಿಯಲ್ಲಿ ಮತ್ತೆ ಹೊರಟು 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದರು.

ದೋಣಿ ಹಳೆಯದಾದರೆ ಅಪಾಯವಿಲ್ಲವೆಂದಲ್ಲ. ಎತ್ತು ಕೊಳ್ಳುವವನು ಹಲ್ಲು ಎಣಿಸುವಂತೆ ಇಲ್ಲಿಯೂ ನೋಡಬೇಕಾದ ಜಾಗಗಳಿವೆ. ಸಣ್ಣ ಸುತ್ತಿಗೆಯಿಂದ ಒಡಲನ್ನು ತಟ್ಟುತ್ತ ಹೋದರೆ ಗಟ್ಟಿ ಜಾಗ ಖಣಖಣ ಎನ್ನುತ್ತದೆ, ನೀರು ಕುಡಿದ ಜಾಗ ಮಂಕಾಗಿ ಉತ್ತರಿಸುತ್ತದೆ. ಅಟ್ಟಣೆಯ ಹಾಳೆಗಳ ನಡುವಿನ ಹಗುರ ಮರ ಕೊಳೆತಿದ್ದರೆ ಕಾಲಿಟ್ಟಲ್ಲಿ ಮೆತ್ತಗೆ ಕುಸಿಯುತ್ತದೆ. ಹಾಯಿಕಂಬವನ್ನು ಹಿಡಿದಿಟ್ಟ ಉಕ್ಕಿನ ಹಗ್ಗಗಳನ್ನು ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಹೊರಗೆ ಮಿಂಚುತ್ತಲೇ ಒಂದು ದಿನ ತುಂಡಾಗುತ್ತವೆ. ಅಡಿಭಾರವನ್ನು ಒಡಲಿಗೆ ಬಿಗಿದಿರುವ ಬೋಲ್ಟುಗಳು ಕಣ್ಣಿಗೆ ಬೀಳುವುದೇ ಕಷ್ಟ. ಒಬ್ಬನೇ ಸಾಗುವವನಿಗಂತೂ ಗಾಳಿಯ ದಿಕ್ಕನ್ನು ಹಿಡಿದು ತಾನಾಗಿಯೇ ಚುಕ್ಕಾಣಿ ತಿರುಗಿಸುವ ಸಾಧನವಿಲ್ಲದೆ ನಡೆಯದು, ಏಕೆಂದರೆ ಅವನು ನಿದ್ರಿಸಬೇಕು. ಅಂತರರಾಷ್ಟ್ರೀಯ ನಿಯಮದಂತೆ ನೌಕೆಯಲ್ಲಿ ಸದಾ ಕಾವಲು ಕಣ್ಣು ಇರಬೇಕು. ಒಂಟಿ ನಾವಿಕರು ಇಪ್ಪತ್ತು ನಿಮಿಷಕ್ಕೊಮ್ಮೆ ಎಚ್ಚರಗೊಂಡು ಆ ನಿಯಮದ ಅಂಚಿನಲ್ಲಿ ಬದುಕುತ್ತಾರೆ. ನಡುಸಮುದ್ರದಲ್ಲಿ ಇದು ಹೇಗೋ ಸಾಗೀತು. ಮಲ್ಪೆಯ ಎದುರು, ನೂರಾರು ಬಲೆಗಳ ನಡುವೆ ಖಂಡಿತ ಸಲ್ಲದು.

ಇಂಥ ದೋಣಿಯನ್ನು ತಟ್ಟಿ ನೋಡಿ ಬೆಲೆ ಹೇಳಬಲ್ಲವರು ಬೇಕೆಂದರೆ ಮೊದಲು ಮಾರುಕಟ್ಟೆ ಇರಬೇಕು. ಅದು ಬೆಳೆಯದಂತೆ ತಡೆದಿರುವುದು ಮುಖ್ಯವಾಗಿ ನಮ್ಮ ತೆರಿಗೆ ನೀತಿ. 2013ರ ಕೇಂದ್ರ ಬಜೆಟ್ ವಿಹಾರ ನೌಕೆಗಳ ಆಮದು ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿತು. ದುಬಾರಿ ಕಾರು, ಬೈಕುಗಳ ಜತೆಗೆ ಅವೂ ಶ್ರೀಮಂತರ ಸರಕೆಂಬುದು ಅದರ ಹಿಂದಿನ ತರ್ಕ. 2017ರಲ್ಲಿ ಬಂದ ಜಿಎಸ್‌ಟಿ ಅವನ್ನು ಶೇ 28ರ ಸಾಲಿಗೆ ಸೇರಿಸಿ ಮೇಲೆ ಸೆಸ್ ವಿಧಿಸಿತು. 2025ರ ಸೆಪ್ಟೆಂಬರ್ 22ರಂದು ದರಗಳು ಸರಳಗೊಂಡಾಗ ಅನೇಕ ಸರಕುಗಳ ತೆರಿಗೆ ಇಳಿಯಿತು. ವಿಹಾರ ಮತ್ತು ಕ್ರೀಡೆಯ ನೌಕೆಗಳದು ಶೇ 40ಕ್ಕೆ ಏರಿತು. ಮೀನುಗಾರಿಕಾ ದೋಣಿಗೆ ಇರುವುದು ಶೇ 5. ಅಂದರೆ ಹತ್ತು ಲಕ್ಷ ರೂಪಾಯಿಯ ಹೊಸ ಮೀನುಗಾರಿಕಾ ದೋಣಿಗೆ ತೆರಿಗೆ ಐವತ್ತು ಸಾವಿರವಾದರೆ, ಅಷ್ಟೇ ಬೆಲೆಯ ಹಾಯಿದೋಣಿಗೆ ನಾಲ್ಕು ಲಕ್ಷ. ಹೊರದೇಶದಿಂದ ಹಳೆಯದನ್ನು ತಂದರೆ ಸುಂಕವನ್ನೂ ಸೇರಿಸಿದ ಮೊತ್ತದ ಮೇಲೆ ಈ ತೆರಿಗೆ ಬೀಳುತ್ತದೆ.

ಮೀನುಗಾರನಿಗೆ ರಿಯಾಯಿತಿ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆಕ್ಷೇಪವಿರುವುದು ನೂರು ಕೋಟಿಯ ಸುಖನೌಕೆಯನ್ನೂ 1975ರಲ್ಲಿ ತಯಾರಾದ ಮೂವತ್ತು ಅಡಿಯ ದೋಣಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಕಾನೂನಿನ ಕುರುಡಿಗೆ. ನೂರು ಕೋಟಿಯವನು ನೌಕೆಯನ್ನು ವಿದೇಶದಲ್ಲಿ ನೋಂದಾಯಿಸಿ ಅಲ್ಲಿಯೇ ಇರಿಸಬಲ್ಲ. ತೆರಿಗೆಯ ಭಾರ ಬೀಳುವುದು ಸಂಬಳದವನ ಹೆಗಲಿಗೆ.

ತೆರಿಗೆ ಕಟ್ಟಿ ದೋಣಿ ತಂದರೂ ನಿಲ್ಲಿಸುವುದೆಲ್ಲಿ? ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಕರಾವಳಿಯಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಂಥ ನದಿಗಳು ಕಡಲು ಸೇರುವ ಅಳಿವೆಗಳಿವೆ. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುವ ಸಮುದ್ರವದು. ಆ ಮಳೆಗಾಲದಲ್ಲಿ ತೆರೆದ ತೀರದಲ್ಲಿ ಲಂಗರು ಹಾಕಿದ ದೋಣಿ ಉಳಿಯಲಾರದು, ನದಿಯ ಒಳಗೇ ಇರಬೇಕು. ಅಳಿವೆಯ ಬಾಯಿಯಲ್ಲಿನ ಮರಳುದಿಬ್ಬಗಳು ಮೀನುಗಾರರನ್ನೇ ಬಲಿ ತೆಗೆದುಕೊಂಡಿವೆ. ಮೀನುಗಾರಿಕಾ ಬಂದರುಗಳಲ್ಲಿ ಅವರ ದೋಣಿಗಳಿಗೇ ಜಾಗ ಸಾಲದು. ಹೊರಗಿನವನೊಬ್ಬ ಹಾಯಿದೋಣಿ ತಂದು ಅಲ್ಲಿ ಕಟ್ಟಿದರೆ ಅವರಿಗೆ ಸಿಟ್ಟು ಬರುವುದು ಸಹಜವೇ. ಕೊಚ್ಚಿಯ ಬೋಳ್ಗಾಟಿಯಲ್ಲಿ ವಿಹಾರ ದೋಣಿಗಳಿಗೆಂದೇ ತಂಗುದಾಣವಿದೆ. ನಮ್ಮಲ್ಲಿ ಹಾಯಿ ಕಲಿಯಬಯಸುವವನಿಗೆ ಸಿಗುವುದು ಬೆಂಗಳೂರಿನ ಹಲಸೂರು ಕೆರೆ ಅಥವಾ ಕೃಷ್ಣರಾಜಸಾಗರದ ಹಿನ್ನೀರು.

ಭದ್ರತೆಯ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. 2008ರ ನವೆಂಬರ್‌ನಲ್ಲಿ ಮುಂಬಯಿಗೆ ನುಗ್ಗಿದ ಉಗ್ರರು ಬಂದದ್ದು ಅಪಹರಿಸಿದ ಮೀನುಗಾರಿಕಾ ದೋಣಿಯಲ್ಲಿ. ಕಾರವಾರದಲ್ಲಿ ನೌಕಾನೆಲೆಯೂ ಇದೆ. ಒಂಟಿಯಾಗಿ ಅಲೆಯುವ ದೋಣಿಯನ್ನು ಕಾವಲು ಪಡೆ ಅನುಮಾನದಿಂದ ನೋಡಿದರೆ ತಪ್ಪೆನ್ನಲಾಗದು. ಆದರೆ ಎಲ್ಲಿದ್ದೇನೆಂದು ಸದಾ ಹೇಳುತ್ತಿರುವ ಯಂತ್ರವನ್ನು ಕಡ್ಡಾಯ ಮಾಡಿದರೆ ಈ ಅನುಮಾನ ಬಹುಪಾಲು ತೀರುತ್ತದೆ, ಜೀವವೂ ಉಳಿಯುತ್ತದೆ. ಕಂಬ ಮುರಿದ ದೋಣಿಯಲ್ಲಿ ಅಲುಗಾಡಲಾಗದೆ ಮಲಗಿದ್ದ ಅಭಿಲಾಷ್ ಅವರನ್ನು, ಆಸ್ಟ್ರೇಲಿಯಾದ ಪರ್ತ್‌ನಿಂದ ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಫ್ರಾನ್ಸಿನ ಗಸ್ತು ಹಡಗು ಮೂರು ದಿನಗಳಲ್ಲಿ ತಲುಪಿತು. ಅವರಿರುವ ಜಾಗ ಜಗತ್ತಿಗೆ ತಿಳಿದಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಸಮೀಪ ಸಮುದ್ರದ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಪಗ್ರಹ ಸಂಪರ್ಕದ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ದೊರೆಯಿತು. ಹಾಯಿದೋಣಿಯವನಿಗೆ ಅದನ್ನು ಉಚಿತವಾಗಿ ಕೊಡಬೇಕಿಲ್ಲ. ಅವನೇ ಹಣ ತೆತ್ತು ಕೊಳ್ಳಲಿ, ಅದೇ ಜಾಲಕ್ಕೆ ಸೇರಲಿ.

ಬಡತನದ ದೇಶದಲ್ಲಿ ಕೆಲವರ ಹವ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿದ್ದಾರೆ. ಹಳೆಯ ದೋಣಿ ಒಂದು ಕಡೆ ನಿಂತರೆ ಅದಕ್ಕೆ ಬಡಗಿ ಬೇಕು, ಫೈಬರ್ ಕೆಲಸದವನು ಬೇಕು, ಡೀಸೆಲ್ ಎಂಜಿನ್ ಬಿಚ್ಚುವವನು ಬೇಕು, ಹಾಯಿ ಹೊಲಿಯುವವನು ಬೇಕು. ಇವರಲ್ಲಿ ಹೆಚ್ಚಿನವರು ಮಲ್ಪೆಯಲ್ಲೂ ಮಂಗಳೂರಿನಲ್ಲೂ ಈಗಾಗಲೇ ಇದ್ದಾರೆ. ಹೊಸ ಸುಖನೌಕೆಯ ಹಣ ವಿದೇಶದ ಕಾರ್ಖಾನೆಗೆ ಹೋಗುತ್ತದೆ. ಹಳೆಯದರ ದುರಸ್ತಿಯ ಹಣ ಊರಲ್ಲೇ ಉಳಿಯುತ್ತದೆ. ಇನ್ನೊಂದು ಮಾತು. ಭೂಮಿಯನ್ನು ಹಾಯಿಯಲ್ಲಿ ಸುತ್ತಿದ ನಮ್ಮವರ ಹೆಸರುಗಳನ್ನು ನೆನೆಯಿರಿ: 2010ರಲ್ಲಿ ಪರ್ಯಟನ ಮುಗಿಸಿದ ದಿಲೀಪ್ ದೋಂದೆ, 2013ರಲ್ಲಿ ಎಲ್ಲಿಯೂ ನಿಲ್ಲದೆ ಸುತ್ತಿ ಬಂದ ಅಭಿಲಾಷ್, 2025ರ ಮೇ ತಿಂಗಳಲ್ಲಿ ‘ತಾರಿಣಿ’ಯಲ್ಲಿ ಗೋವಾಕ್ಕೆ ಮರಳಿದ ದಿಲ್ನಾ ಮತ್ತು ರೂಪಾ. ಎಲ್ಲರೂ ನೌಕಾಪಡೆಯ ಅಧಿಕಾರಿಗಳಾಗಿ, ಸರ್ಕಾರದ ದೋಣಿಗಳಲ್ಲಿ ಹೋದವರು. ದಿಲ್ನಾ ತೆರಕಣಾಂಬಿಯ ತರಕಾರಿ ತಲುಪುವ ಅದೇ ಕಲ್ಲಿಕೋಟೆಯವರು. ಸ್ವಂತ ಸಂಬಳದಲ್ಲಿ ಕೊಂಡ ಹಳೆಯ ದೋಣಿಯಲ್ಲಿ ಹೊರಡುವ ಸಾಮಾನ್ಯನಿಗೆ ಈ ಸಾಲಿನಲ್ಲಿ ಜಾಗವೇ ಇಲ್ಲ.

1958ರ ವಾಣಿಜ್ಯ ನೌಕಾ ಕಾಯ್ದೆಯ ಬದಲಿಗೆ ಹೊಸದನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದೆ. ಒಳನಾಡಿನ ನೌಕೆಗಳಿಗೆ 2021ರ ಕಾಯ್ದೆಯಿದೆ. ಇವುಗಳಡಿಯ ನಿಯಮಗಳಲ್ಲಿ ಹನ್ನೆರಡು ಮೀಟರಿಗಿಂತ ಚಿಕ್ಕದಾದ, ಬಾಡಿಗೆಗೆ ಬಿಡದ ಹಾಯಿದೋಣಿಗೆ ಪ್ರತ್ಯೇಕ ವರ್ಗವೊಂದನ್ನು ಮಾಡುವುದು ಕಷ್ಟವಲ್ಲ. ತಜ್ಞರ ತಪಾಸಣಾ ಪತ್ರ, ಟ್ರಾನ್ಸ್‌ಪಾಂಡರ್ ಮತ್ತು ವಿಮೆ ಇದ್ದರೆ ಲಾರಿಯಂತೆಯೇ ಸುಲಭ ನೋಂದಣಿ ಮಾಡಿಕೊಡಬಹುದು. ಆ ವರ್ಗವನ್ನು ಶೇ 40ರ ಪಟ್ಟಿಯಿಂದ ತೆಗೆಯುವುದು ಜಿಎಸ್‌ಟಿ ಮಂಡಳಿಯ ಕೈಯಲ್ಲಿದೆ. ರಾಜ್ಯದ ಪಾಲಿಗೆ ಉಳಿಯುವುದು ಇನ್ನೂ ಚಿಕ್ಕ ಕೆಲಸ: ಮೀನುಗಾರರ ದಕ್ಕೆಗಳನ್ನು ಮುಟ್ಟದೆ, ಅಳಿವೆಗಳ ಒಳಗೆ ನದಿಯ ತಳದಲ್ಲಿ ಕಾಂಕ್ರೀಟ್ ಗುಂಡುಗಳನ್ನು ಇಳಿಸಿ, ಸರಪಳಿ ಕಟ್ಟಿ, ತಿಂಗಳ ಬಾಡಿಗೆಗೆ ಕೊಡುವುದು. ಅಲ್ಲಿಯವರೆಗೆ ನಮ್ಮ ತರುಣ ಥಾಯ್ಲೆಂಡಿನ ಫುಕೆಟ್‌ನಲ್ಲೋ ಮಲೇಷ್ಯದ ಲಂಕಾವಿಯಲ್ಲೋ ಹಳೆಯ ದೋಣಿ ಕೊಂಡು ಅಲ್ಲಿಯೇ ಕಟ್ಟಿ, ವರ್ಷಕ್ಕೆರಡು ಸಲ ವಿಮಾನ ಹತ್ತಿ ಹೋಗಿ ನೋಡಿ ಬರಬೇಕಾಗುತ್ತದೆ. ಲೆಕ್ಕ ಹಾಕಿದರೆ ಅದೇ ಅಗ್ಗ.