ಮರುದಿನವೇ ಅಂಕ ಕೊಡುವವರಿಗೆ

ನಮ್ಮದೊಂದು ಹಾಕಿ ಲೀಗ್ ಇದೆ. ಅದಕ್ಕೆ ಮೈದಾನವಿಲ್ಲ, ಚೆಂಡಿಲ್ಲ. ನೆಟ್ಟಗೆ ಸ್ಟಿಕ್ ಹಿಡಿಯಲು ಬರುವವರು ನಮ್ಮ ನಾಲ್ವರಲ್ಲಿ ಒಬ್ಬರೂ ಇಲ್ಲ. ಕೋಲಾರದವನೊಬ್ಬ, ಮಾಲೂರಿನವನೊಬ್ಬ, ಮುಳಬಾಗಿಲಿನವಳೊಬ್ಬಳು, ಶ್ರೀನಿವಾಸಪುರದ ನಾನು. ಡಿಗ್ರಿಯಲ್ಲಿ ಒಂದೇ ಬೆಂಚಿನವರು, ಈಗ ನಾಲ್ಕು ತಂಡಗಳ ಜನರಲ್ ಮ್ಯಾನೇಜರ್‌ಗಳು.

ಏಳು ವರ್ಷ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್‌ಗೆ 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಹರಾಜು ನಡೆಯಿತಲ್ಲ, ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಹೋದದ್ದು, ಅದೇ ನಮಗೆ ಪ್ರೇರಣೆ. ಅಲ್ಲಿ ಗಂಡಸರ ಎಂಟು ತಂಡಗಳಿದ್ದವು, ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ಅವರು ಕೊಡದಿದ್ದರೇನು, ನಾವೇ ನಾಲ್ಕು ಕಟ್ಟಿಕೊಂಡೆವು. ನಿಯಮ ಅಲ್ಲಿಂದಲೇ ಎರವಲು: ತಂಡಕ್ಕೆ 4 ಕೋಟಿ, 24 ಆಟಗಾರರು, ಅದರಲ್ಲಿ ನಾಲ್ವರಾದರೂ ಜೂನಿಯರ್‌ಗಳು. ಕೋಟಿಯೆಲ್ಲ ನೋಟ್‌ಬುಕ್ಕಿನಲ್ಲಿ, ನಿಜದಲ್ಲಿ ಕೈ ಬದಲಾಗುವುದು ಸೋತವರು ಕೊಡಿಸುವ ಟೀ ಮಾತ್ರ. ಹಿರಿಯರಿಗೆ ಹರಾಜು. ಜೂನಿಯರ್‌ಗಳಿಗೆ ಮಾತ್ರ ಅಮೆರಿಕದವರ ಡ್ರಾಫ್ಟ್ ಪದ್ಧತಿ: ಹಿಂದಿನ ಸಲ ಕೊನೆಗೆ ನಿಂತವರು ಮೊದಲು ಆರಿಸಬೇಕು, ಆಮೇಲೆ ಸರದಿ. ನಿಜವಾದ ಪಂದ್ಯಗಳ ಗೋಲು, ತಡೆಗಳನ್ನು ಎಕ್ಸೆಲ್ ಹಾಳೆಗೆ ತುಂಬಿ ನಮ್ಮ ಗೆಲುವು ಸೋಲು ಲೆಕ್ಕ ಹಾಕುತ್ತೇವೆ.

ಇಲ್ಲಿಯವರೆಗೆ ಯಾರಿಗೂ ನಷ್ಟವಿಲ್ಲ. ನನ್ನ ಜಗಳ ಇರುವುದು ಡ್ರಾಫ್ಟ್‌ನ ಮರುದಿನ ಬೆಳಿಗ್ಗೆ ಬರುವ ಅಂಕಪಟ್ಟಿಯ ಮೇಲೆ. ಯಾರು ಯಾರನ್ನು ಆರಿಸಿದರು, ಯಾವುದು ಎ ಪ್ಲಸ್, ಯಾವುದು ಸಿ ಎಂದು ನಮ್ಮಲ್ಲೊಬ್ಬರು ತೀರ್ಪು ಬರೆಯುವುದು ಪದ್ಧತಿ. ಈ ಸಲ ಕೊನೆಯ ಸ್ಥಾನದಲ್ಲಿದ್ದ ನಾನು ಮೊದಲ ಸರದಿಯಲ್ಲೇ ಹದಿನೆಂಟರ ಒಬ್ಬ ಗೋಲ್‌ಕೀಪರ್‌ನನ್ನು ಆರಿಸಿದೆ. ಮಾಲೂರಿನವನು ಡಿ ಕೊಟ್ಟ. ಪಕ್ಕದಲ್ಲಿ ಒಂದೇ ಮಾತು: ‘ವೇಸ್ಟ್.’ ಡಿ ಸಿಕ್ಕವನ ಹೊಟ್ಟೆಯುರಿ ಇದು ಎನ್ನುವಿರಾದರೆ, ಹೌದು, ಹೊಟ್ಟೆಯುರಿ ಇದೆ. ಆದರೆ ಹೋದ ಸಲ ಆ ಪಟ್ಟಿ ಬರೆದವನು ನಾನೇ. ಹಾಗಾಗಿ ಈ ಬೈಗುಳದಲ್ಲಿ ನನ್ನ ಪಾಲೂ ಇದೆ.

ನಮ್ಮೂರಲ್ಲಿ ಡ್ರಾಫ್ಟ್ ಎಂಬ ಪದ ಬರುವುದಕ್ಕೆ ಎಷ್ಟೋ ಮೊದಲಿನಿಂದ ಡ್ರಾಫ್ಟ್ ನಡೆಯುತ್ತಿದೆ. ಮಾವಿನ ಮರ ಹೂ ಬಿಟ್ಟಾಗಲೇ ವ್ಯಾಪಾರಿ ತೋಟ ನೋಡಲು ಬರುತ್ತಾನೆ. ಕಾಯಿ ಇಲ್ಲ, ಹಣ್ಣು ಇಲ್ಲ, ಬರೀ ಹೂವಿನ ಗೊಂಚಲು. ಅದನ್ನು ನೋಡಿ ಆ ವರ್ಷದ ಫಸಲಿಗೆ ಬೆಲೆ ಕಟ್ಟಬೇಕು. ಹೂವಿಗೂ ಕೊಯ್ಲಿಗೂ ನಡುವೆ ಜಿಗಿಹುಳು ಇದೆ, ಬೂದಿರೋಗ ಇದೆ, ಆಲಿಕಲ್ಲು ಮಳೆ ಇದೆ. ಒಂದು ವರ್ಷ ಕೊಂಬೆ ಬಾಗುವಷ್ಟು ಬಿಟ್ಟ ಮರ ಮರುವರ್ಷ ಸುಮ್ಮನೆ ನಿಲ್ಲುವುದೂ ಉಂಟು. ಅನುಭವಸ್ಥ ವ್ಯಾಪಾರಿ ಹೂ ನೋಡುವುದಕ್ಕಿಂತ ಹೆಚ್ಚು ಹೊತ್ತು ಎಲೆ ನೋಡುತ್ತಾನೆ, ನೀರು ಎಲ್ಲಿಂದ ಎಂದು ಕೇಳುತ್ತಾನೆ, ಹೋದ ವರ್ಷ ಎಷ್ಟು ಕೊಯ್ದಿರಿ ಎಂದು ವಿಚಾರಿಸುತ್ತಾನೆ. ಆಮೇಲೆ ಒಂದು ಮೊತ್ತ ಹೇಳಿ ಮುಂಗಡ ಕೊಡುತ್ತಾನೆ. ಮರುದಿನ ಬೆಳಿಗ್ಗೆ ಬೇಲಿಯಾಚೆ ನಿಂತು ‘ಈ ವ್ಯಾಪಾರಕ್ಕೆ ಸಿ ಗ್ರೇಡ್’ ಎಂದವನನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಅಂಥವನೊಬ್ಬ ಇದ್ದರೆ ಊರವರು ಅವನಿಗೆ ಕೂಲಿ ಕೆಲಸ ಹುಡುಕಿ ಕೊಡುತ್ತಿದ್ದರು.

ಹಾಕಿಯಲ್ಲಿ ಗೋಲ್‌ಕೀಪರ್ ನಿಧಾನಕ್ಕೆ ಹಣ್ಣಾಗುವ ಜಾತಿ. ಪಿ.ಆರ್. ಶ್ರೀಜೇಶ್ ಭಾರತದ ಹಿರಿಯರ ತಂಡಕ್ಕೆ ಮೊದಲು ಆಡಿದ್ದು 2006ರಲ್ಲಿ. ಅದಾದ ಮೇಲೆ ಕೆಲವು ವರ್ಷ ತಂಡದ ಒಳಗೆ, ಹೊರಗೆ. ಜನ ಅವರ ಹೆಸರು ಹಿಡಿದು ಮಾತಾಡತೊಡಗಿದ್ದು 2011ರಲ್ಲಿ, ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದ ಮೇಲೆ. ಟೋಕಿಯೊದಲ್ಲಿ ಒಂದು ಕಂಚು, 2024ರ ಪ್ಯಾರಿಸ್‌ನಲ್ಲಿ ಇನ್ನೊಂದು, ಅಲ್ಲೇ ವಿದಾಯ. 2007ರಲ್ಲಿ ನಮ್ಮ ಲೀಗ್ ಇದ್ದಿದ್ದರೆ ಮಾಲೂರಿನವನು ಅವರಿಗೂ ‘ವೇಸ್ಟ್’ ಎಂದೇ ಬರೆಯುತ್ತಿದ್ದ. ನಾನು ಆರಿಸಿದ ಹುಡುಗ ಇನ್ನೊಬ್ಬ ಶ್ರೀಜೇಶ್ ಆಗುತ್ತಾನೆ ಎಂದು ನಾನು ಹೇಳುತ್ತಿಲ್ಲ. ಆಗುವುದಿಲ್ಲ ಎನ್ನಲು ಒಂದು ರಾತ್ರಿ ಸಾಲದು ಎನ್ನುತ್ತಿದ್ದೇನೆ, ಅಷ್ಟೇ.

ಇದಕ್ಕೆ ಮುಳಬಾಗಿಲಿನವಳ ಉತ್ತರ ಚುರುಕಾಗಿತ್ತು. ‘ಹಂಗಾದ್ರೆ ಹತ್ತು ವರ್ಷ ಆದ್ಮೇಲೆ ನೋಡಾಣ ಬಿಡು. ಯಾವನು ಬೆಳೀತಾನೋ ಅವನನ್ನ ಆರಿಸಿದೋನೇ ಬುದ್ಧಿವಂತ.’ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇದು ಮೊದಲ ತಪ್ಪಿನ ಅಣ್ಣ.

ಡ್ರಾಫ್ಟ್ ಪದ್ಧತಿ ಬೇರೂರಿರುವ ಉತ್ತರ ಅಮೆರಿಕದ ಐಸ್ ಹಾಕಿಯನ್ನೇ ನೋಡಿ. 1998ರಲ್ಲಿ ಡೆಟ್ರಾಯ್ಟ್ ತಂಡ ಪಾವೆಲ್ ದತ್ಸ್ಯುಕ್‌ನನ್ನು 171ನೆಯವನಾಗಿ ಆರಿಸಿತು. ಮರುವರ್ಷ ಹೆನ್ರಿಕ್ ಜೆಟರ್‌ಬರ್ಗ್‌ನನ್ನು 210ನೆಯವನಾಗಿ. ಇಬ್ಬರೂ ಆ ತಂಡದ ಕಂಬಗಳಾದರು. ಡೆಟ್ರಾಯ್ಟ್‌ನವರ ಕಣ್ಣು ಎಂಥ ಕಣ್ಣು ಎಂದು ಇಂದಿಗೂ ಹೊಗಳುತ್ತಾರೆ. ಒಪ್ಪೋಣ. ಆದರೆ ದತ್ಸ್ಯುಕ್ ಇಷ್ಟು ದೊಡ್ಡವನಾಗುತ್ತಾನೆಂದು ಅವರಿಗೆ ನಿಜವಾಗಿ ಗೊತ್ತಿದ್ದರೆ, ಅದೇ ದಿನ ಅವನಿಗಿಂತ ಮೊದಲು ಬೇರೆಯವರನ್ನು ಯಾಕೆ ಆರಿಸಿದರು? 171ರವರೆಗೆ ಅವನನ್ನು ಬಿಟ್ಟು ಕುಳಿತವರಲ್ಲಿ ಅವರೂ ಇದ್ದರು. ಅವರಿಗೆ ಕಣ್ಣಿತ್ತು, ಅದರ ಜೊತೆ ದೊಡ್ಡ ಅದೃಷ್ಟವೂ ಇತ್ತು. ಎರಡನ್ನೂ ಒಟ್ಟಿಗೆ ಅರೆದು ಬುದ್ಧಿವಂತಿಕೆ ಎಂದು ಬಡಿಸಬಾರದು. ಇನ್ನೊಂದು ಕಡೆ, 2000ದಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ರಿಕ್ ಡಿಪಿಯೆಟ್ರೊ ಎಂಬ ಗೋಲ್‌ಕೀಪರ್‌ನನ್ನು ಮೊದಲನೆಯವನಾಗಿ ಆರಿಸಿತು. ಗಾಯದ ಮೇಲೆ ಗಾಯವಾಗಿ ಅವನ ಆಟ ಮುರಿಯಿತು. ಮೂಳೆ ಮುರಿದದ್ದಕ್ಕೆ ಆರಿಸಿದವರ ಬುದ್ಧಿಯನ್ನು ದೂರುವುದು, ಆಲಿಕಲ್ಲು ಬಿದ್ದದ್ದಕ್ಕೆ ವ್ಯಾಪಾರಿಗೆ ತೋಟ ನೋಡಲು ಬರುವುದಿಲ್ಲ ಎಂದಂತೆ.

ಹಾಗಾದರೆ ಅಂಕವೇ ಬೇಡವೇ? ಕೋಲಾರದವನ ಆಕ್ಷೇಪ ಇದೇ: ಮರುದಿನ ನೋಡಬಾರದು, ಹತ್ತು ವರ್ಷದ ಮೇಲೂ ನೋಡಬಾರದು ಎಂದರೆ ಪ್ರತಿ ಮ್ಯಾನೇಜರೂ ಗೆದ್ದರೆ ನನ್ನ ಬುದ್ಧಿ, ಸೋತರೆ ನನ್ನ ಗ್ರಹಚಾರ ಎಂದು ತಪ್ಪಿಸಿಕೊಳ್ಳುತ್ತಾನೆ. ಇದು ಗಟ್ಟಿ ಮಾತು. ನನ್ನ ಉತ್ತರ ಹೀಗಿದೆ. ಆರಿಸುವ ದಿನವೇ ಪ್ರತಿಯೊಬ್ಬರೂ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದಿಡಲಿ: ಏನು ನೋಡಿದೆ, ಏನು ನೋಡಲಾಗಲಿಲ್ಲ, ಯಾರನ್ನು ಬಿಟ್ಟೆ, ಯಾಕೆ. ಮೂರು ಸೀಸನ್ ಮುಗಿದ ಮೇಲೆ ತೆಗೆದು ಓದೋಣ. ಆಗ ಕಾರಣಕ್ಕೆ ಅಂಕ ಕೊಡಿ. ಒಳ್ಳೆಯ ಕಾರಣದಿಂದ ಸೋತವನಿಗೆ ಎ ಬರಲಿ, ಹೆಸರು ಕೇಳಿ ಆರಿಸಿ ಗೆದ್ದವನಿಗೆ ಸಿ ಬರಲಿ. ಅಂಕ ಬೀಳಬೇಕಾದದ್ದು ಆರಿಸಿದವರ ಮೇಲೆ, ಹುಡುಗನ ಮೇಲಲ್ಲ.

ಆಟದ ವಿಷಯಕ್ಕೆ ಇಷ್ಟೊಂದು ಯಾಕೆ ಎನ್ನುತ್ತೀರಿ. ನಮ್ಮ ಲೀಗಿನ ಹುಡುಗರಿಗೆ ನಾವಿರುವುದೇ ಗೊತ್ತಿಲ್ಲ, ನಮ್ಮ ಡಿ ಅವರನ್ನು ಮುಟ್ಟುವುದಿಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಹೋದ ವರ್ಷ ಊರಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗೆ ಆಟಗಾರರ ಹರಾಜು ಇಟ್ಟರು. ಈಗ ಎಲ್ಲ ಕಡೆಯೂ ಇಡುತ್ತಾರೆ. ದುಡ್ಡಲ್ಲ, ಪಾಯಿಂಟ್. ‘ನಿಂಗೆ ಇದೆಲ್ಲ ಗೊತ್ತಲ್ವಾ, ನೀನೇ ಲಿಸ್ಟ್ ಮಾಡಿಬಿಡು’ ಎಂದರು. ಉಬ್ಬಿಹೋದೆ. ಅರವತ್ತು ಹುಡುಗರನ್ನು ಎರಡು ಸಂಜೆ ನೋಡಿ ಎ, ಬಿ, ಸಿ ಎಂದು ಬರೆದುಕೊಟ್ಟೆ. ಒಬ್ಬನ ಹೆಸರಿನ ಮುಂದೆ ‘ಸಿ, ಮೈಭಾರ, ನಿಧಾನ’ ಎಂದಿತ್ತು. ಅದು ತಂಡದವರ ಕಣ್ಣಿಗಷ್ಟೇ ಎಂದುಕೊಂಡಿದ್ದೆ. ಮೈಕ್ ಹಿಡಿದವನು ಇದ್ದದ್ದನ್ನು ಇದ್ದಂತೆ ಓದಿದ. ಹುಡುಗರು ನಕ್ಕರು. ಯಾರೂ ಕೈ ಎತ್ತಲಿಲ್ಲ. ‘ಅನ್‌ಸೋಲ್ಡ್’ ಎಂದ ಮೈಕಿನವನು ಮುಂದಿನ ಹೆಸರಿಗೆ ಹೋದ. ಆ ಹುಡುಗ ಎದ್ದು ಹೋಗಲಿಲ್ಲ. ಕೊನೆಯವರೆಗೂ ಕೂತಿದ್ದು, ಎಲ್ಲ ಮುಗಿದ ಮೇಲೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಲು ಕೈಹಾಕಿದ. ಮರುದಿನದಿಂದ ಮೈದಾನಕ್ಕೆ ಬರಲಿಲ್ಲ. ಮಾವಿನ ಸೀಸನ್ನಿನಲ್ಲಿ ಮಂಡಿಯಲ್ಲಿ ಕ್ರೇಟ್ ಎತ್ತುತ್ತಾ ಸಿಗುತ್ತಾನೆ. ‘ಚೆನ್ನಾಗಿದ್ದೀರಾ ಅಣ್ಣ’ ಎನ್ನುತ್ತಾನೆ. ಕ್ರಿಕೆಟ್ ಮಾತು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ನಾನು ಅವನನ್ನು ನೋಡಿದ್ದು ಎರಡು ಸಂಜೆ. ಅದರಲ್ಲಿ ಅವನ ಪಾಲಿಗೆ ಬಂದದ್ದು ಹತ್ತು ಹನ್ನೆರಡು ಚೆಂಡು. ಅಂದು ನಾನು ಬರೆದ ಭಾಷೆ ಎಲ್ಲಿಂದ ಬಂತು? ನಮ್ಮ ಎಕ್ಸೆಲ್ ಹಾಳೆಯಿಂದ. ಕೇಳಿಸಿಕೊಳ್ಳದವರ ಮೇಲೆ ಪಳಗಿದ ನಾಲಗೆ ಕೇಳಿಸಿಕೊಳ್ಳುವವರ ಮೇಲೂ ಹಾಗೆಯೇ ಆಡಿತು.

ಇದನ್ನು ಓದುತ್ತಿರುವ ಸಾಹಿತ್ಯದ ವಿದ್ಯಾರ್ಥಿಗಳು ನಾವಂಥವರಲ್ಲ ಎಂದು ನೆಮ್ಮದಿಯಾಗಬೇಡಿ. ಮೊದಲ ಸಂಕಲನ ಬಿಡುಗಡೆಯಾದ ವಾರವೇ ‘ಭರವಸೆಯ ಕವಿ’ ಎಂದೋ ‘ಇವರಲ್ಲಿ ಸರಕಿಲ್ಲ’ ಎಂದೋ ಷರಾ ಬರೆಯುವವರು, ವರ್ಷದ ಹತ್ತು ಹೊಸಬರ ಪಟ್ಟಿ ಮಾಡುವವರು ನೀವೇ. ಪುಸ್ತಕ ಹೇಗಿದೆ ಎಂದು ಧಾರಾಳವಾಗಿ ಹೇಳಿ. ಬರೆದವರು ಮುಂದೆ ಏನಾಗುತ್ತಾರೆ ಎಂಬ ಷರಾ ಮಾತ್ರ ಬೇಡ.

ಮುಂದಿನ ಡ್ರಾಫ್ಟ್‌ಗೆ ನಾಲ್ಕು ಸಾಲಿನ ನಿಯಮವನ್ನು ಮತಕ್ಕೆ ಹಾಕಿದ್ದೇನೆ. ಸದ್ಯಕ್ಕೆ ಇಬ್ಬರು ಪರ, ಇಬ್ಬರು ವಿರೋಧ. ಮಾಲೂರಿನವನು ಈ ಲೇಖನಕ್ಕೂ ನಾಳೆ ಬೆಳಿಗ್ಗೆ ಗ್ರೇಡ್ ಕೊಡುತ್ತಾನಂತೆ. ಕೊಡಲಿ. ಕಾರಣವನ್ನೂ ನಾಲ್ಕು ಸಾಲು ಬರೆದಿಡಲಿ.