ಎದ್ದು ಹೋದವರ ಪರವಾಗಿ

ಆವತ್ತು ನಾನೂ ನಕ್ಕಿದ್ದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಜಗಳ ತೆಗೆಯುವುದು ಸುಲಭ.

2022ರ ಸೆಪ್ಟೆಂಬರ್ 3, ಶನಿವಾರ. ಸ್ಯಾನ್ ಡಿಯಾಗೊದಲ್ಲಿ ಗೆಳೆಯನ ಮನೆಯಲ್ಲಿ ಏಸಿ ಹಾಕಿಕೊಂಡು, ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಟಿವಿ ನೋಡುತ್ತಿದ್ದೆವು. ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ಹೊಚ್ಚಹೊಸ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಎದುರಾಳಿ ಅರಿಜೋನಾ. ಆಟ ಶುರುವಾದಾಗ ಗ್ಯಾಲರಿಯ ತುಂಬ ಕೆಂಪು ಕಪ್ಪು ಅಂಗಿಗಳು. ಅರ್ಧ ಆಟ ಮುಗಿದ ಮೇಲೆ ಕ್ಯಾಮೆರಾ ಪೂರ್ವದ ಗ್ಯಾಲರಿಯ ಕಡೆ ತಿರುಗಿದಾಗಲೆಲ್ಲ ಸಾಲುಸಾಲು ಖಾಲಿ ಸೀಟುಗಳು ಕಾಣತೊಡಗಿದವು. 'ನೋಡೋ, ಐದು ವರ್ಷ ಕ್ರೀಡಾಂಗಣ ಬೇಕು ಅಂತ ಬೊಬ್ಬೆ ಹೊಡೆದವರು ಎರಡು ಗಂಟೆ ಕೂರಲಾರದೆ ಎದ್ದು ಹೋದರು' ಎಂದ ಗೆಳೆಯ. ನಾನು ಹಲ್ಲು ಬಿಟ್ಟೆ.

ಅಂದು ರಾತ್ರಿಯ ಹೊತ್ತಿಗೆ ಅದೇ ಮಾತು ಊರ ತುಂಬ. ಬಿಸಿಲಿಗೆ ಹೆದರುವವನು ಅಭಿಮಾನಿಯೇ ಅಲ್ಲ, ಈ ಊರಿನವರಿಗೆ ಸಮುದ್ರತೀರ ಇದ್ದರೆ ಸಾಕು, ಇಂಥವರಿಗೆ ಕ್ರೀಡಾಂಗಣ ಕಟ್ಟಿಸಿದ್ದೇ ದಂಡ. ಹೀಗೆ. ಎದ್ದು ಹೋದವರ ಗೊಣಗಾಟವೂ ಕಡಿಮೆ ಇರಲಿಲ್ಲ: ನೆರಳಿಲ್ಲ, ಹೊತ್ತು ಸರಿಯಿಲ್ಲ, ತಂಡಕ್ಕೆ ಚೆಂಡು ಎಸೆಯಲು ಬರುವುದಿಲ್ಲ. ಈ ಗೊಣಗಾಟವನ್ನು ಕೃತಘ್ನತೆ ಎಂದು ಕರೆದವರ ಜೊತೆ ನನ್ನ ತಕರಾರಿದೆ. ನಾಲ್ಕು ಸೀಸನ್ ಕಳೆದರೂ ಆ ಮಾತು ನಿಂತಿಲ್ಲವಾದ್ದರಿಂದ ಈಗಲಾದರೂ ಬರೆಯುತ್ತಿದ್ದೇನೆ.

ಇಲ್ಲಿ ಫುಟ್‌ಬಾಲ್ ಎಂದರೆ ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ, ಮೊಟ್ಟೆಯಾಕಾರದ ಚೆಂಡಿನ ಆಟ. ಭಾನುವಾರ ವೃತ್ತಿಪರರದು, ಶನಿವಾರ ಕಾಲೇಜುಗಳದು. ಕಾಲೇಜು ಆಟ ಎಂದೊಡನೆ ನಮ್ಮ ಅಂತರಕಾಲೇಜು ಕಬಡ್ಡಿಯನ್ನು ನೆನೆಸಿಕೊಳ್ಳಬೇಡಿ. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷ ಏಳು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಓದು ಮುಗಿಸಿ ನಲವತ್ತು ವರ್ಷವಾದವರೂ ತಂಡದ ಬಗ್ಗೆ ಹೇಳುವಾಗ 'ನಾವು ಗೆದ್ದೆವು, ನಾವು ಸೋತೆವು' ಎನ್ನುತ್ತಾರೆ. ನನ್ನ ಪಕ್ಕದ ಮನೆಯ ಹಿರಿಯರು ಹಾಗೆ ಹೇಳುವವರಲ್ಲಿ ಒಬ್ಬರು. ಎಪ್ಪತ್ತು ದಾಟಿದೆ. ಆ ಶನಿವಾರ ಮೂರನೇ ಕ್ವಾರ್ಟರ್‌ನಲ್ಲಿ ಎದ್ದು ಬಂದವರಲ್ಲಿ ಅವರೂ ಇದ್ದರು. ನಾನು ನಕ್ಕದ್ದು ಅವರನ್ನು ನೋಡಿ ಎಂದು ತಿಳಿದದ್ದು ಮಾರನೆಯ ದಿನ.

ಅವರು ಎದ್ದು ಬಂದದ್ದರ ಅರ್ಥ ತಿಳಿಯಬೇಕಾದರೆ ಹಿಂದಿನದನ್ನು ಸ್ವಲ್ಪ ಹೇಳಬೇಕು. ಮಿಷನ್ ವ್ಯಾಲಿ ಎಂಬ ಕಣಿವೆಯಲ್ಲಿ 1967ರಲ್ಲಿ ಒಂದು ದೊಡ್ಡ ಕ್ರೀಡಾಂಗಣ ಎದ್ದಿತು. ಅದಕ್ಕಾಗಿ ವರ್ಷಗಟ್ಟಲೆ ಬರೆದು ಜನರನ್ನು ಒಪ್ಪಿಸಿದವರಲ್ಲಿ ಮುಖ್ಯನಾದವನು ಜ್ಯಾಕ್ ಮರ್ಫಿ ಎಂಬ ಪತ್ರಿಕೆಯ ಕ್ರೀಡಾ ಸಂಪಾದಕ. ಅವನು ತೀರಿಕೊಂಡ ಮೇಲೆ ಕ್ರೀಡಾಂಗಣಕ್ಕೆ ಅವನದೇ ಹೆಸರಿಟ್ಟರು. ಒಬ್ಬ ಅಂಕಣಕಾರನ ಹೆಸರಿನಲ್ಲಿ ಅಷ್ಟು ದೊಡ್ಡ ಕ್ರೀಡಾಂಗಣ! ಬರೆಯುವವರಿಗೆ ಹೊಟ್ಟೆಕಿಚ್ಚಾಗುವ ಸಂಗತಿ. ಆ ಗೌರವ ಬಹಳ ಕಾಲ ಬಾಳಲಿಲ್ಲ. 1997ರಲ್ಲಿ ಹೆಸರು ಕ್ವಾಲ್‌ಕಾಮ್ ಕಂಪನಿಗೆ ಮಾರಾಟವಾಯಿತು. ಹೊಸದಕ್ಕೂ ಅದೇ ಕಂಪನಿಯ ಚಿಪ್ಪಿನ ಹೆಸರು, ಸ್ನ್ಯಾಪ್‌ಡ್ರಾಗನ್ ಸ್ಟೇಡಿಯಂ. ನಿಮ್ಮ ಫೋನಿನೊಳಗೆ ಆ ಚಿಪ್ಪು ಇರಬಹುದು. ಅದರ ಕೆಲಸ ಮಾಡುವ ಎಂಜಿನಿಯರುಗಳು ಬೆಂಗಳೂರಿನಲ್ಲೂ ಇದ್ದಾರೆ. ಫೋನು ಬಿಸಿಯಾಗದಂತೆ ನೋಡಿಕೊಳ್ಳುವುದು ಆ ಕಸುಬಿನವರ ನಿತ್ಯದ ಚಿಂತೆ.

2017ರಲ್ಲಿ ಚಾರ್ಜರ್ಸ್ ಎಂಬ ವೃತ್ತಿಪರ ತಂಡ ಐವತ್ತಾರು ವರ್ಷದ ನಂಟು ಕಡಿದುಕೊಂಡು ಲಾಸ್ ಏಂಜಲೀಸಿಗೆ ಹೋಯಿತು. ಖಾಲಿಯಾದ ಆ ಜಾಗ ಯಾರ ಪಾಲಾಗಬೇಕು? 2018ರ ನವೆಂಬರಿನಲ್ಲಿ ಅದು ಮತದಾನಕ್ಕೆ ಬಂತು. ಖಾಸಗಿ ಹೂಡಿಕೆದಾರರ ಯೋಜನೆಯೊಂದು, ವಿಶ್ವವಿದ್ಯಾಲಯದ ಪರವಾದ ಯೋಜನೆ ಇನ್ನೊಂದು. ಜನ ವಿಶ್ವವಿದ್ಯಾಲಯವನ್ನು ಆರಿಸಿದರು. ಪಕ್ಕದ ಮನೆಯವರು ಆ ಬೇಸಿಗೆಯಲ್ಲಿ ಮನೆಮನೆಯ ಬಾಗಿಲು ತಟ್ಟಿದ್ದರು. ನನ್ನ ಬಾಗಿಲನ್ನೂ ತಟ್ಟಿದ್ದರು. ಆಗ ನನಗಿಲ್ಲಿ ಮತವೇ ಇರಲಿಲ್ಲ. ಆದರೂ ಅರ್ಧ ಗಂಟೆ ಕೂತು ವಿವರಿಸಿ ಹೋದರು.

ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ತನಕ ತಂಡಕ್ಕೆ ಮನೆಯಿಲ್ಲ. 2020 ಮತ್ತು 2021ರ ಎರಡು ಸೀಸನ್ ತವರಿನ ಪಂದ್ಯಗಳು ನಡೆದದ್ದು ಲಾಸ್ ಏಂಜಲೀಸ್ ಪಕ್ಕದ ಕಾರ್ಸನ್‌ನಲ್ಲಿ, ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ. ಆ ಹೆದ್ದಾರಿಯ ಸಂಜೆಯ ವಾಹನದಟ್ಟಣೆಯನ್ನು ಕಂಡವರಿಗೆ ಆ ದೂರದ ನಿಜವಾದ ಅಳತೆ ಗೊತ್ತು. ತಂಡ 2021ರಲ್ಲಿ ಹದಿನಾಲ್ಕರಲ್ಲಿ ಹನ್ನೆರಡು ಪಂದ್ಯ ಗೆದ್ದಿತು. ಅದು ತಂಡದ ದಾಖಲೆ. ಆ ಗೆಲುವುಗಳನ್ನು ನೋಡಲು ಸರಿರಾತ್ರಿ ಮನೆ ಸೇರುವಂತೆ ಕಾರು ಓಡಿಸಿದವರನ್ನೇ ಒಂದು ಮಧ್ಯಾಹ್ನ ಎದ್ದು ಬಂದದ್ದಕ್ಕೆ ನಾವು ನಿಷ್ಠೆಯ ಪರೀಕ್ಷೆಯಲ್ಲಿ ನಪಾಸು ಮಾಡಿದೆವು.

ಇನ್ನು ಆ ಮಧ್ಯಾಹ್ನದ ಮಾತು. ಮೂವತ್ತೈದು ಸಾವಿರ ಸೀಟು, 31 ಕೋಟಿ ಡಾಲರ್ ವೆಚ್ಚ, ಬಹುಪಾಲು ಸೀಟುಗಳಿಗೆ ಮೇಲೆ ಸೂರಿಲ್ಲ. ಪಂದ್ಯ ಶುರುವಾದದ್ದು ಹನ್ನೆರಡೂವರೆಗೆ. ಉಷ್ಣಾಂಶ ಹತ್ತಿರ ಹತ್ತಿರ 100 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 38. ಜನ ನೆರಳು ಹುಡುಕಿಕೊಂಡು ಗ್ಯಾಲರಿಯ ಹಿಂದಿನ ದಾರಿಗಳಲ್ಲಿ ಗುಂಪುಗೂಡಿದರು. ಬಿಸಿಲಿಗೆ ಅಸ್ವಸ್ಥರಾದವರಿಗೆ ಅಲ್ಲೇ ಚಿಕಿತ್ಸೆ ಕೊಡಬೇಕಾಯಿತು.

ಕಲಬುರಗಿ, ರಾಯಚೂರಿನ ಓದುಗರು ಈಗ ನಗುತ್ತಿರಬಹುದು: ಮೂವತ್ತೆಂಟಕ್ಕೆ ಇಷ್ಟೆಲ್ಲ ಗೋಳೇ? ಸ್ವಾಮಿ, ನೀವು ಬೇಸಿಗೆಯಲ್ಲಿ ಏನು ಮಾಡುತ್ತೀರಿ ನೆನೆಸಿಕೊಳ್ಳಿ. ಏಪ್ರಿಲ್ ಮೇ ತಿಂಗಳಲ್ಲಿ ನಿಮ್ಮ ಕಡೆಯ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು. ಬಯಲಾಟ ರಾತ್ರಿ. ನಡುಮಧ್ಯಾಹ್ನ ನೆತ್ತಿಯ ಮೇಲೆ ಟವೆಲ್ಲಿಲ್ಲದೆ ಯಾರೂ ಹೊರಗೆ ಬೀಳುವುದಿಲ್ಲ. ಬಿಸಿಲು ಗೊತ್ತಿದ್ದವರು ಬಿಸಿಲಿನ ಜೊತೆ ಪಂಥ ಕಟ್ಟುವುದಿಲ್ಲ, ಹೊತ್ತು ನೋಡಿ ನಡೆಯುತ್ತಾರೆ.

ಅರಿಜೋನಾದವರೂ ಹಾಗೆಯೇ. 'ಅವರ ತಂಡಕ್ಕೂ ಬಿಸಿಲು ಅಷ್ಟೇ ಇತ್ತಲ್ಲ?' ಎಂದು ಅಂದು ಹಲವರು ಕೇಳಿದರು. ಇತ್ತು. ಆದರೆ ಅದೇ ಅರಿಜೋನಾ ತನ್ನ ಮರುಭೂಮಿಯ ಊರಾದ ಟೂಸಾನ್‌ನಲ್ಲಿ ಸೆಪ್ಟೆಂಬರ್ ಪಂದ್ಯಗಳನ್ನು ಸಾಮಾನ್ಯವಾಗಿ ಸೂರ್ಯ ಇಳಿದ ಮೇಲೆಯೇ ಆಡುತ್ತದೆ. ಆಟಗಾರರ ಹೋಲಿಕೆಯೂ ಹೊಂದುವುದಿಲ್ಲ. ಅವರಿಗೆ ಬದಿಯಲ್ಲಿ ಫ್ಯಾನು, ನೀರು, ವೈದ್ಯರು, ಸರದಿಯ ಮೇಲೆ ವಿಶ್ರಾಂತಿ. ಎಪ್ಪತ್ತು ದಾಟಿದ ಪ್ರೇಕ್ಷಕನ ಬದಲಿಗೆ ಕೂರಲು ಬೆಂಚಿನಿಂದ ಇನ್ನೊಬ್ಬ ಎದ್ದು ಬರುವುದಿಲ್ಲ.

ಇದು ಯಾರೂ ನೆನೆಸಿರದ ಬಿಸಿಲೂ ಆಗಿರಲಿಲ್ಲ. ಸ್ಯಾನ್ ಡಿಯಾಗೊದಲ್ಲಿ ವರ್ಷದ ಕೆಟ್ಟ ಸೆಕೆ ಬರುವುದೇ ಸೆಪ್ಟೆಂಬರಿನ ಆಸುಪಾಸಿನಲ್ಲಿ. ಪಂದ್ಯಕ್ಕೆ ಮೂರು ದಿನ ಮೊದಲು, ಆಗಸ್ಟ್ 31ರಂದು, ಸೆಕೆಯ ಕಾರಣಕ್ಕೇ ರಾಜ್ಯಪಾಲರು ತುರ್ತುಸ್ಥಿತಿ ಘೋಷಿಸಿದ್ದರು. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಕರೆಂಟು ಉಳಿಸಿ ಎಂದು ಮನೆಮನೆಗೆ ವಿನಂತಿ. ಸೆಪ್ಟೆಂಬರ್ 6ರಂದು ವಿದ್ಯುತ್ ಬೇಡಿಕೆ 52 ಸಾವಿರ ಮೆಗಾವಾಟ್ ದಾಟಿ ದಾಖಲೆಯಾಯಿತು. ಇಡೀ ಕ್ಯಾಲಿಫೋರ್ನಿಯಾ ಹೊತ್ತು ನೋಡಿ ಬದುಕುತ್ತಿದ್ದ ವಾರವದು. ಹೊತ್ತು ಬದಲಾಗದೆ ಉಳಿದದ್ದು ಈ ಪಂದ್ಯದ್ದು.

ಏಕೆಂದರೆ ಆ ಹೊತ್ತು ಟಿವಿಯದು. ಸಿಬಿಎಸ್ ಚಾನೆಲ್ಲಿನ ರಾಷ್ಟ್ರೀಯ ಪ್ರಸಾರ; ನ್ಯೂಯಾರ್ಕಿನವರಿಗೆ ಮಧ್ಯಾಹ್ನ ಮೂರೂವರೆಯಾದಾಗ ನಮಗೆ ಹನ್ನೆರಡೂವರೆ. ಮೂರು ಸಾವಿರ ಮೈಲಿ ಆಚೆ ಸೋಫಾದಲ್ಲಿ ಕೂತವನ ಅನುಕೂಲಕ್ಕೆ ಇಲ್ಲಿಯವನ ನೆತ್ತಿ. ಟಿವಿ ದುಡ್ಡಿಲ್ಲದಿದ್ದರೆ ಇಂಥ ತಂಡಗಳು ನಡೆಯುವುದೇ ಕಷ್ಟ ಎಂಬ ಸಮಾಧಾನವನ್ನು ನಾನು ಕೇಳಿದ್ದೇನೆ, ತಳ್ಳಿಹಾಕುವುದಿಲ್ಲ. ದೊಡ್ಡ ಲೀಗುಗಳ ಬಾಗಿಲಲ್ಲಿ ನಿಂತ ಮಧ್ಯಮ ಗಾತ್ರದ ಕಾಲೇಜಿಗೆ ರಾಷ್ಟ್ರೀಯ ಚಾನೆಲ್ಲಿನ ಮೂರು ಗಂಟೆ ಸಣ್ಣ ಸಂಗತಿಯಲ್ಲ. ಸರಿ, ಹೊತ್ತನ್ನು ಮಾರಿದಿರಿ. ಮಾರಿದ ಮೇಲೆ ಅದರ ಬೆಲೆಯನ್ನು ಗ್ಯಾಲರಿಯಲ್ಲಿ ಕೂತವನೇ ತೆರಬೇಕೇ? ತೆರಲಾರೆ ಎಂದು ಎದ್ದರೆ ಬೈಗುಳವೂ ಅವನಿಗೇ ಸಲ್ಲಬೇಕೇ? ಹೆಸರನ್ನು ಮಾರಿದಿರಿ, ಹೊತ್ತನ್ನು ಮಾರಿದಿರಿ, ನಿಷ್ಠೆಯನ್ನು ಮಾತ್ರ ಪುಕ್ಕಟೆ ಕೊಡಿ ಎನ್ನುತ್ತೀರಿ.

ಇನ್ನೊಂದು ವಾದ ಮೇಲ್ನೋಟಕ್ಕೆ ಬಹಳ ಸೌಮ್ಯವಾದದ್ದು. ಹೊಸ ಮನೆ ಎಂದ ಮೇಲೆ ಸಣ್ಣಪುಟ್ಟ ಕೊರತೆ ಇದ್ದದ್ದೇ, ಗೃಹಪ್ರವೇಶದ ದಿನ ನೆಂಟರು ಅದನ್ನೆಲ್ಲ ಎತ್ತಿ ಆಡಬಾರದು ಎನ್ನುವುದು. ನಲ್ಲಿ ಸೋರಿದರೆ, ಊಟದ ಸಾಲು ಉದ್ದವಾದರೆ ಒಪ್ಪುತ್ತೇನೆ. ಸೂರ್ಯ ಪಶ್ಚಿಮಕ್ಕೆ ಇಳಿಯುತ್ತಾನೆ, ಪೂರ್ವದ ಗ್ಯಾಲರಿಯಲ್ಲಿ ಕೂತವರ ಮುಖಕ್ಕೆ ಹೊಡೆಯುತ್ತಾನೆ ಎಂಬುದು ಗೃಹಪ್ರವೇಶದ ದಿನ ಬಯಲಾದ ಕೊರತೆಯಲ್ಲ. ಮುಖ್ಯವಾಗಿ, ಇವರು ನೆಂಟರಲ್ಲ. ಮತ ಹಾಕಿದವರು, ಟಿಕೆಟ್ ಕೊಂಡವರು, ಅಲ್ಲೇ ಓದಿದವರು, ಮಕ್ಕಳನ್ನು ಅಲ್ಲೇ ಓದಿಸುತ್ತಿರುವವರು. ಮನೆಯವರು ಮನೆಯ ಗೋಡೆ ಬಿರುಕು ಬಿಟ್ಟಿದೆ ಎಂದರೆ ಅದನ್ನು ಕೃತಘ್ನತೆ ಎನ್ನುವ ರೂಢಿ ಯಾವ ಊರಿನದು? ಅಂದು ಹಾಯಾಗಿ ಹೊಗಳಿ ಹೋದವರು ಮತ್ತೆ ಬಂದರೋ ಇಲ್ಲವೋ. ಗೊಣಗಿದವರು ಮುಂದಿನ ಸಲ ಯಾವ ಸಾಲಿಗೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ ಎಂದು ಲೆಕ್ಕ ಹಾಕುತ್ತ ಹೋದರು.

ಆಟವೂ ಕೈಕೊಟ್ಟಿತು, ಅದನ್ನು ಮುಚ್ಚಿಡುವುದು ಬೇಡ. ಅರಿಜೋನಾದ ಹೊಸ ಕ್ವಾರ್ಟರ್‌ಬ್ಯಾಕ್ ಜೇಡನ್ ಡಿ ಲಾರಾ ಸುಮಾರು 300 ಗಜ ಚೆಂಡು ಎಸೆದು ನಾಲ್ಕು ಟಚ್‌ಡೌನ್ ಮಾಡಿಸಿದ. ಅದರಲ್ಲಿ ಮೂರನ್ನು ಹಿಡಿದವನು ಜೇಕಬ್ ಕೌವಿಂಗ್ ಒಬ್ಬನೇ. ಕೊನೆಗೆ 38-20. ಗೆಲ್ಲುತ್ತಿದ್ದರೆ ಇನ್ನಷ್ಟು ಜನ ಬಿಸಿಲು ಸಹಿಸಿಕೊಳ್ಳುತ್ತಿದ್ದರು ಎಂಬುದು ನಿಜ. ಇದನ್ನು ಎದ್ದು ಹೋದವರ ವಿರುದ್ಧದ ಸಾಕ್ಷಿಯೆಂದು ಮುಂದಿಡುತ್ತಾರೆ. ನನಗೆ ಹಾಗನಿಸುವುದಿಲ್ಲ. ಗೆಲುವಿನ ನಶೆಯಲ್ಲಿ ತಲೆಸುತ್ತು ಗೊತ್ತಾಗದಿದ್ದರೆ ಅದು ಬಿಸಿಲು ಕಡಿಮೆ ಇತ್ತು ಎನ್ನುವುದಕ್ಕೆ ಪುರಾವೆಯಾಗದು.

ಎರಡು ವಾರದ ನಂತರ, ಸೆಪ್ಟೆಂಬರ್ 17ರ ಸಂಜೆ, ಅದೇ ಅಂಗಳದಲ್ಲಿ ಸ್ಯಾನ್ ಡಿಯಾಗೊ ವೇವ್ ಎಂಬ ಮಹಿಳಾ ಸಾಕರ್ ತಂಡ ಅಲ್ಲಿಯ ತನ್ನ ಮೊದಲ ಪಂದ್ಯ ಆಡಿತು. ಬಂದವರು 32 ಸಾವಿರ, ಆ ಲೀಗಿನ ಆವರೆಗಿನ ದಾಖಲೆ. ಅದೇ ಊರು, ಅದೇ ಸಿಮೆಂಟು. ಬೇರೆಯಾಗಿದ್ದದ್ದು ಸೂರ್ಯನ ಜಾಗ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕುತ್ತಿದ್ದರು. ಮೂಗು, ಕಿವಿಯ ತುದಿ, ಕತ್ತಿನ ಹಿಂಭಾಗ ಟೊಮೆಟೊದಂತೆ ಕೆಂಪಾಗಿದ್ದವು. 'ಟಿವಿಯಲ್ಲಿ ನೋಡಿದಿರಾ?' ಎಂದು ಕೇಳಿದರು. ನೋಡಿದೆ ಎಂದೆ. 'ಹೇಗೆ ಕಾಣುತ್ತಿತ್ತು ನಮ್ಮ ಕ್ರೀಡಾಂಗಣ?' ಎಂದರು, ಮಗಳ ಮದುವೆಯ ಫೋಟೊ ತೋರಿಸಿ ಅಭಿಪ್ರಾಯ ಕೇಳುವವರ ಹಾಗೆ. ಚೆನ್ನಾಗಿತ್ತು ಎಂದೆ. ಖಾಲಿ ಸೀಟುಗಳ ಸುದ್ದಿ ಎತ್ತಲಿಲ್ಲ. ಅವರೇ ಎತ್ತಿದರು. ಹೆಂಡತಿಗೆ ಕಣ್ಣು ಕತ್ತಲೆ ಬಂದಂತಾಯಿತಂತೆ, ಕೈಹಿಡಿದು ಕೆಳಗಿಳಿಸಿಕೊಂಡು ಬಂದರಂತೆ. ಗೇಟು ದಾಟುವಾಗ ಹಿಂದಿನಿಂದ ಯಾರೋ ಹುಡುಗ ಕೂಗಿ ಹಂಗಿಸಿದನಂತೆ. ಏನೆಂದು ಅವರು ಹೇಳಲಿಲ್ಲ. ನನಗೆ ಊಹಿಸಲು ಕಷ್ಟವಾಗಲಿಲ್ಲ. ನಾವು ಮಂಡಕ್ಕಿ ತಿನ್ನುತ್ತ ಆಡಿದ್ದ ಮಾತೇ ಇರಬೇಕು.

ಮುಂದಿನ ಶನಿವಾರ ಇಡಾಹೊ ಸ್ಟೇಟ್ ವಿರುದ್ಧದ ಪಂದ್ಯ. ಅಗಲ ಅಂಚಿನ ಹುಲ್ಲಿನ ಟೋಪಿ ಹಾಕಿಕೊಂಡು, ಹೆಂಡತಿಯನ್ನು ಮನೆಯಲ್ಲೇ ಬಿಟ್ಟು, ಒಬ್ಬರೇ ಕಾರು ಹತ್ತಿದರು. 38-7ರಿಂದ ಗೆದ್ದರು. 'ನಾವು ಗೆದ್ದೆವು' ಎಂದು ಬೇಲಿಯಾಚೆಯಿಂದ ಕೂಗಿ ಹೇಳಿದವರೂ ಅವರೇ.